ಭಾರತದಲ್ಲಿ ಸಂಯೋಜಕ ಅಂಗಾಂಶ ಸಂಶೋಧನೆ

ಸಂಯೋಜಕ ಅಂಗಾಂಶ ಸಂಶೋಧನೆಯು ದೇಹದ ಭಾಗಗಳನ್ನು ಒಂದಕ್ಕೊಂದು ಬೆಸೆದು ಅವುಗಳಿಗೆ ಆಕಾರವನ್ನೂ ಆಧಾರವನ್ನೂ ಕೊಡುವ ಅಂಗಾಂಶಗಳ ರಚನೆ, ರಸಾಯನ ಹಾಗೂ ರೋಗಗಳನ್ನು ಅಭ್ಯಸಿಸುವ ವಿಜ್ಞಾನಶಾಖೆಯಾಗಿದೆ. ಮೂಳೆ, ಮೃದ್ವಸ್ಥಿ, ಸ್ನಾಯುರಜ್ಜು, ಅಸ್ಥಿರಜ್ಜು, ಚರ್ಮದ ಒಳಪದರ ಇವೆಲ್ಲವೂ ಸಂಯೋಜಕ ಅಂಗಾಂಶಗಳೇ. ಭಾರತದಲ್ಲಿ ಈ ಶಾಖೆಯ ಮಹತ್ವದ ಕೆಲಸ 1950ರ ದಶಕದಲ್ಲಿ ಮದರಾಸಿನಲ್ಲಿ ನಡೆದು, 1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ವಿಸ್ತರಿಸಿತು. ಇದು ಒಂದೇ ಸಂಸ್ಥೆಯ ಛತ್ರದಡಿ ಬೆಳೆದ ವಿದ್ಯೆಯಲ್ಲ. ಚರ್ಮೋದ್ಯಮದ ಪ್ರಯೋಗಾಲಯ, ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗ, ಪೌಷ್ಟಿಕ ವಿಜ್ಞಾನದ ಸಂಸ್ಥೆ, ದಂತವೈದ್ಯ ಕಾಲೇಜು, ಮಲೆನಾಡಿನ ಹಳ್ಳಿ ಹೀಗೆ ಪರಸ್ಪರ ಸಂಬಂಧವಿಲ್ಲದಂತೆ ತೋರುವ ಸ್ಥಳಗಳಲ್ಲಿ ಅದರ ಎಳೆಗಳು ಹರಡಿಕೊಂಡಿವೆ. ಕರ್ನಾಟಕದ ಮಟ್ಟಿಗೆ ಈ ಸಂಶೋಧನೆಯು ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ, ಅಡಿಕೆ ಜಗಿಯುವವರ ಬಾಯಿಯ ರೋಗ ಮತ್ತು ಬಯಲುಸೀಮೆಯ ಫ್ಲೋರೋಸಿಸ್ ಈ ಮೂರರ ಜೊತೆಗೆ ನೇರವಾಗಿ ಸಂಬಂಧಿಸಿದೆ.

ವಿಷಯದ ಸ್ವರೂಪ

ಮನೆಯನ್ನು ಕಟ್ಟುವಾಗ ಇಟ್ಟಿಗೆಗಳ ನಡುವೆ ಗಾರೆ ಇರುವಂತೆ ಜೀವಕೋಶಗಳ ನಡುವೆಯೂ ಒಂದು ವಸ್ತುವಿದೆ. ಅದನ್ನು ಕೋಶಬಾಹ್ಯ ಮಾತೃಕೆ ಎನ್ನುತ್ತಾರೆ. ಜೀವಕೋಶಗಳೇ ಇದನ್ನು ತಯಾರಿಸಿ ಹೊರಗೆ ಬಿಡುತ್ತವೆ. ಬಹುಕಾಲ ಇದನ್ನು ಬರಿಯ ತುಂಬುವಸ್ತುವೆಂದು ಭಾವಿಸಲಾಗಿತ್ತು. ಆದರೆ ಗಾರೆಯ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಗಾರೆಯು ಇಟ್ಟಿಗೆಗೆ ಏನನ್ನೂ ಹೇಳುವುದಿಲ್ಲ. ಮಾತೃಕೆಯಾದರೋ ಜೀವಕೋಶಕ್ಕೆ ಬೆಳೆಯಬೇಕೇ, ಚಲಿಸಬೇಕೇ, ಸಾಯಬೇಕೇ ಎಂಬ ಸೂಚನೆಗಳನ್ನು ಕೊಡುತ್ತಲೇ ಇರುತ್ತದೆ. ಗಾಯ ಮಾಯುವುದು, ಮೂಳೆ ಕೂಡುವುದು, ಕ್ಯಾನ್ಸರ್ ಹರಡುವುದು ಎಲ್ಲದರಲ್ಲಿಯೂ ಅದರ ಪಾತ್ರವಿದೆ.

ಮಾತೃಕೆಯ ಮುಖ್ಯ ಘಟಕ ಕೊಲಾಜೆನ್ ಎಂಬ ಪ್ರೋಟೀನ್. ಸಸ್ತನಿಗಳ ದೇಹದಲ್ಲಿರುವ ಒಟ್ಟು ಪ್ರೋಟೀನಿನಲ್ಲಿ ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇದೇ ಇರುತ್ತದೆ. ಮನುಷ್ಯನಲ್ಲಿ ಇದರ 28 ಬಗೆಗಳನ್ನು ಗುರುತಿಸಲಾಗಿದೆ. ಮೊದಲನೆಯ ಬಗೆ ಮೂಳೆ, ಚರ್ಮ ಮತ್ತು ಸ್ನಾಯುರಜ್ಜುಗಳಲ್ಲಿಯೂ ಎರಡನೆಯ ಬಗೆ ಮೃದ್ವಸ್ಥಿಯಲ್ಲಿಯೂ ಪ್ರಧಾನವಾಗಿವೆ. ಕೊಲಾಜೆನ್ ಎಂಬ ಹೆಸರು ಗ್ರೀಕ್ ಭಾಷೆಯಲ್ಲಿ ಅಂಟು ಎಂಬ ಅರ್ಥದ ಪದದಿಂದ ಬಂದದ್ದು. ಚರ್ಮ ಮತ್ತು ಮೂಳೆಗಳನ್ನು ನೀರಿನಲ್ಲಿ ಕುದಿಸಿ ಬಡಗಿಗಳು ಬಳಸುವ ಸರೇಸನ್ನು ತೆಗೆಯುತ್ತಿದ್ದುದನ್ನು ನೆನೆದರೆ ಹೆಸರಿನ ಔಚಿತ್ಯ ತಿಳಿಯುತ್ತದೆ. ದೇಹವು ಸರಿಯಾದ ಕೊಲಾಜೆನ್ ತಯಾರಿಸಲು ಸಿ ಜೀವಸತ್ವ ಬೇಕು. ಅದರ ಕೊರತೆಯಾದಾಗ ವಸಡಿನಲ್ಲಿ ರಕ್ತ ಒಸರುವ, ಮಾದ ಗಾಯಗಳೂ ಮತ್ತೆ ಬಾಯಿಬಿಡುವ ಸ್ಕರ್ವಿ ರೋಗ ಬರುತ್ತದೆ. ಶಾಲಾ ಪಠ್ಯಗಳಲ್ಲಿ ಸ್ಕರ್ವಿಯನ್ನು ಜೀವಸತ್ವಗಳ ಪಾಠದಲ್ಲಿ ಹೇಳಿ ಬಿಡುವುದುಂಟು. ವಾಸ್ತವದಲ್ಲಿ ಅದು ಸಂಯೋಜಕ ಅಂಗಾಂಶದ ರೋಗ.

ಚರ್ಮ ಹದಮಾಡುವ ಕಸುಬು

ವಿಜ್ಞಾನಿಗಳಿಗಿಂತ ಬಹಳ ಮೊದಲೇ ಕೊಲಾಜೆನ್ನಿನ ಗುಣವನ್ನು ಕೈಯಿಂದಲೇ ಬಲ್ಲವರು ಚರ್ಮ ಹದಮಾಡುವವರು. ಹಸಿ ತೊಗಲನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ. ಜಾಲಿಯ ತೊಗಟೆ, ಅಳಲೆಕಾಯಿ, ತಂಗಡಿಯ ತೊಗಟೆ ಇವುಗಳ ಒಗರು ರಸದಲ್ಲಿ ನೆನೆಹಾಕಿದರೆ ಅದು ಬಾಳಿಕೆ ಬರುವ ಚರ್ಮವಾಗುತ್ತದೆ. ಒಗರಿಗೆ ಕಾರಣವಾದ ಟ್ಯಾನಿನ್‌ಗಳು ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬಿಗಿದು, ಅವುಗಳನ್ನು ಜೀರ್ಣಿಸುವ ಕಿಣ್ವಗಳಿಗೆ ಎಟುಕದಂತೆ ಮಾಡುತ್ತವೆ. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳಲ್ಲಿ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ ಬಳಕೆಯಾಗುವುದು ಹೀಗೆ ಸಸ್ಯರಸದಿಂದ ಹದಮಾಡಿದ ಚರ್ಮವೇ. ಈ ಚಪ್ಪಲಿಗೆ 2019ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರಗಳ ಎಂಟು ಜಿಲ್ಲೆಗಳಿಗೆ ಜಂಟಿಯಾಗಿ ಭೌಗೋಳಿಕ ಗುರುತು ದೊರೆಯಿತು.

ಸ್ವಾತಂತ್ರ್ಯಾನಂತರ ಈ ಉದ್ಯಮವನ್ನು ಶಾಸ್ತ್ರೀಯ ತಳಹದಿಯ ಮೇಲೆ ನಿಲ್ಲಿಸಲೆಂದು 1948ರಲ್ಲಿ ಮದರಾಸಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ರಸಾಯನವಿಜ್ಞಾನಿಗಳಿಗೆ ಕೊಲಾಜೆನ್ ಎಂದರೆ ದಿನನಿತ್ಯದ ಕಚ್ಚಾವಸ್ತು. ಅದರ ಅಣು ಹೇಗಿದೆ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಮಾತ್ರ ನೆರೆಯ ಗಿಂಡಿ ಆವರಣದಲ್ಲಿದ್ದ ಮದರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದಿಂದ.

ಮದರಾಸಿನ ತ್ರಿಸುರುಳಿ

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ (1922–2001) ಎರ್ನಾಕುಲಂನಲ್ಲಿ ಜನಿಸಿದವರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ ಸೇರಿ, ಬಳಿಕ ಭೌತವಿಜ್ಞಾನಕ್ಕೆ ಬದಲಾಯಿಸಿಕೊಂಡು ಸರ್ ಸಿ. ವಿ. ರಾಮನ್ ಅವರ ಶಿಷ್ಯರಾದರು. ಕೇಂಬ್ರಿಜ್‌ನಲ್ಲಿ ಎರಡು ವರ್ಷ ಸಂಶೋಧನೆ ನಡೆಸಿ 1949ರಲ್ಲಿ ಹಿಂತಿರುಗಿದರು. 1952ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಮದರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು.

ಆ ಹೊತ್ತಿಗೆ ಮದರಾಸಿಗೆ ಭೇಟಿಯಿತ್ತ ಬ್ರಿಟಿಷ್ ವಿಜ್ಞಾನಿ ಜೆ. ಡಿ. ಬರ್ನಾಲ್ ಅವರು ಕೊಲಾಜೆನ್ನಿನ ರಚನೆ ಇನ್ನೂ ಬಗೆಹರಿದಿಲ್ಲವೆಂದು ಮಾತಿನ ನಡುವೆ ಸೂಚಿಸಿದರು. ಅಮೆರಿಕದ ಲೈನಸ್ ಪಾಲಿಂಗ್ ಮತ್ತು ರಾಬರ್ಟ್ ಕೋರಿ 1951ರಲ್ಲಿ ಒಂದು ಮಾದರಿಯನ್ನು ಸೂಚಿಸಿದ್ದರೂ ಅದು ಪ್ರಯೋಗದ ಫಲಿತಾಂಶಗಳಿಗೆ ಹೊಂದುತ್ತಿರಲಿಲ್ಲ. ರಾಮಚಂದ್ರನ್ ತಮ್ಮ ಸಹೋದ್ಯೋಗಿ ಗೋಪಿನಾಥ ಕರ್ತಾ ಅವರೊಡನೆ ಕೆಲಸಕ್ಕೆ ತೊಡಗಿದರು. ಕೊಲಾಜೆನ್ನಿನ ನಮೂನೆಗಳು ಚರ್ಮ ಸಂಶೋಧನಾ ಸಂಸ್ಥೆಯಿಂದ ದೊರೆತವು. ಅವುಗಳಲ್ಲಿ ಸ್ಪಷ್ಟವಾದ ಕ್ಷ-ಕಿರಣ ವಿವರ್ತನ ಚಿತ್ರಗಳನ್ನು ಕೊಟ್ಟದ್ದು ಕಾಂಗರೂ ಬಾಲದ ಸ್ನಾಯುರಜ್ಜು.

ಕೊಲಾಜೆನ್ನಿನ ಅಮೈನೋ ಆಮ್ಲಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗ್ಲೈಸೀನ್ ಎಂಬುದು ರಾಸಾಯನಿಕ ವಿಶ್ಲೇಷಣೆಯಿಂದ ಗೊತ್ತಿತ್ತು. ಇದು ಆಕಸ್ಮಿಕವಲ್ಲ, ಸರಪಳಿಯಲ್ಲಿ ಪ್ರತಿ ಮೂರನೆಯ ಸ್ಥಾನದಲ್ಲಿಯೂ ಗ್ಲೈಸೀನ್ ಇರಲೇಬೇಕು ಎಂದು ಅವರು ತರ್ಕಿಸಿದರು. ಮೂರು ಸರಪಳಿಗಳು ಜೊತೆಯಾಗಿ ನಿಂತಾಗ ನಡುವೆ ಉಳಿಯುವ ಜಾಗ ಅತ್ಯಲ್ಪ. ಅಲ್ಲಿ ಹಿಡಿಸುವುದು ಅಮೈನೋ ಆಮ್ಲಗಳಲ್ಲೆಲ್ಲ ಚಿಕ್ಕದಾದ ಗ್ಲೈಸೀನ್ ಮಾತ್ರ. ಈ ಮಾದರಿ 1954ರ ಆಗಸ್ಟ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ಅದನ್ನು ತಿದ್ದಿ, ಮೂರು ಸುರುಳಿಗಳೂ ಒಂದು ಸಾಮಾನ್ಯ ಅಕ್ಷದ ಸುತ್ತ ಮತ್ತೊಮ್ಮೆ ಹೊಸೆದುಕೊಂಡಿವೆ ಎಂದು ತೋರಿಸಿದರು. ಹಗ್ಗ ಹೊಸೆಯುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎಳೆಯನ್ನು ಒಂದು ದಿಕ್ಕಿಗೆ ತಿರುಚಿ, ಮೂರು ಎಳೆಗಳನ್ನು ಸೇರಿಸಿ ಎದುರು ದಿಕ್ಕಿಗೆ ಹೊಸೆದರೆ ಹಗ್ಗ ಬಿಚ್ಚಿಕೊಳ್ಳುವುದಿಲ್ಲ. ಕೊಲಾಜೆನ್ನಿನಲ್ಲಿಯೂ ಒಂದೊಂದು ಸರಪಳಿ ಎಡಕ್ಕೆ ಸುರುಳಿಗೊಂಡಿದ್ದು, ಮೂರೂ ಸೇರಿ ಬಲಕ್ಕೆ ಹೊಸೆದುಕೊಂಡಿವೆ. ಹೀಗೆ ಹೊಸೆದ ಅಣುವಿನ ಉದ್ದ ಸುಮಾರು 300 ನ್ಯಾನೋಮೀಟರ್, ದಪ್ಪ 1.5 ನ್ಯಾನೋಮೀಟರ್.

ಈ ಮಾದರಿ ವಾದಕ್ಕೆ ಎಡೆಮಾಡಿತು. ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ 1955ರಲ್ಲಿ ತಮ್ಮದೇ ಮಾದರಿಯನ್ನು ಪ್ರಕಟಿಸಿ, ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬೇಕಾದುದಕ್ಕಿಂತ ಹತ್ತಿರದಲ್ಲಿವೆ ಎಂದು ಆಕ್ಷೇಪಿಸಿದರು. ಪ್ರತಿ ಮೂರು ಅಮೈನೋ ಆಮ್ಲಗಳಿಗೆ ಎರಡು ಹೈಡ್ರೋಜನ್ ಬಂಧಗಳಿವೆ ಎಂಬುದು ಮದರಾಸಿನವರ ನಿಲುವು. ಒಂದೇ ಇರುವುದು ಸಾಧ್ಯ ಎಂಬುದು ಕ್ರಿಕ್ ಅವರ ನಿಲುವು. ನಲವತ್ತು ವರ್ಷಗಳ ನಂತರ, 1994ರಲ್ಲಿ, ಕೊಲಾಜೆನ್ನನ್ನು ಹೋಲುವ ಒಂದು ಕಿರುಸರಪಳಿಯ ಸ್ಫಟಿಕ ರಚನೆ ಹೊರಬಂದಾಗ ತ್ರಿಸುರುಳಿಯೂ ಗ್ಲೈಸೀನಿನ ಸ್ಥಾನವೂ ದೃಢಪಟ್ಟವು. ಬಂಧಗಳ ಎಣಿಕೆಯಲ್ಲಿ ಮಾತ್ರ ಕ್ರಿಕ್ ಅವರ ಮಾತು ನಿಂತಿತು. ಇದನ್ನು ಮುಚ್ಚಿಟ್ಟು ಬರೆಯುವ ಅಭಿಮಾನದ ಲೇಖನಗಳು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಆಕ್ಷೇಪವೇ ಇಲ್ಲದಿದ್ದರೆ ರಾಮಚಂದ್ರನ್ ಅವರ ಇನ್ನೂ ದೊಡ್ಡ ಕೆಲಸ ಹುಟ್ಟುತ್ತಿರಲಿಲ್ಲ. ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಎಂಬುದನ್ನು ಇತ್ಯರ್ಥಗೊಳಿಸಲು ಅವರು ಆವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳನ್ನು ಜಾಲಾಡಿದರು. ಅದರ ಫಲವಾಗಿ 1963ರಲ್ಲಿ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ ಪ್ರಕಟಿಸಿದ ನಕ್ಷೆಯೇ ರಾಮಚಂದ್ರನ್ ನಕ್ಷೆ. ಯಾವುದೇ ಪ್ರೋಟೀನಿನ ರಚನೆಯನ್ನು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಇಂದಿಗೂ ಜಗತ್ತಿನಾದ್ಯಂತ ಇದನ್ನು ಬಳಸುತ್ತಾರೆ. ಕರ್ತಾ ಅವರು ಅಮೆರಿಕಕ್ಕೆ ತೆರಳಿ, 1967ರಲ್ಲಿ ರೈಬೋನ್ಯೂಕ್ಲಿಯೇಸ್ ಕಿಣ್ವದ ರಚನೆಯನ್ನು ಬಿಡಿಸಿದ ತಂಡದಲ್ಲಿದ್ದರು.

ಅತ್ತ ಚರ್ಮ ಸಂಶೋಧನಾ ಸಂಸ್ಥೆಯೂ ಸುಮ್ಮನೆ ಕುಳಿತಿರಲಿಲ್ಲ. ಯಲವರ್ತಿ ನಾಯುಡಮ್ಮ ಅವರು ನಿರ್ದೇಶಕರಾಗಿದ್ದಾಗ, 1960ರಲ್ಲಿ, ಮದರಾಸಿನಲ್ಲಿ ಕೊಲಾಜೆನ್ ಕುರಿತ ವಿಚಾರಗೋಷ್ಠಿ ನಡೆಯಿತು. ಅದರ ಪ್ರಬಂಧಗಳನ್ನು ಎನ್. ರಾಮನಾಥನ್ ಸಂಪಾದಿಸಿದರು. ಹೊಲೆದ ಚಪ್ಪಲಿಯ ಬಾಳಿಕೆಯಿಂದ ಹಿಡಿದು ಅಣುವಿನ ಜ್ಯಾಮಿತಿಯವರೆಗೆ ಯೋಚಿಸುವ ಜನ ಒಂದೇ ಸಭಾಂಗಣದಲ್ಲಿ ಕುಳಿತ ಅಪರೂಪದ ಸಂದರ್ಭ ಅದು.

ಬೆಂಗಳೂರಿನ ಮುಂದುವರಿಕೆ

1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಅಣುಜೀವಭೌತ ವಿಜ್ಞಾನ ಘಟಕವನ್ನು ಕಟ್ಟಿದರು. ಶಶಿಶೇಖರನ್, ರಾಮಕೃಷ್ಣನ್ ಅವರೂ ಇಲ್ಲಿ ಕೆಲಸಮಾಡಿದರು. ಕೊಲಾಜೆನ್ನಿನಲ್ಲಿ ಹೇರಳವಾಗಿರುವ ಹೈಡ್ರಾಕ್ಸಿಪ್ರೋಲೀನ್ ಎಂಬ ಅಮೈನೋ ಆಮ್ಲವು ನೀರಿನ ಅಣುಗಳ ಮೂಲಕ ಸರಪಳಿಗಳನ್ನು ಬಂಧಿಸಿ ಗಟ್ಟಿಗೊಳಿಸುತ್ತದೆ ಎಂಬ ಊಹೆಯನ್ನು ರಾಮಚಂದ್ರನ್, ಮಂಜು ಬನ್ಸಲ್ ಮತ್ತು ಆರ್. ಎಸ್. ಭಟ್ನಾಗರ್ 1973ರಲ್ಲಿ ಮುಂದಿಟ್ಟರು. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡವು, ನೀರನ್ನು ಬಂಧಿಸಲಾಗದ ಫ್ಲೋರೀನ್‌ಯುಕ್ತ ಘಟಕವನ್ನು ಅದೇ ಸ್ಥಾನದಲ್ಲಿಟ್ಟರೂ ಅಣು ಇನ್ನಷ್ಟು ಗಟ್ಟಿಯಾಗುವುದನ್ನು ತೋರಿಸಿ ಈ ಊಹೆಯನ್ನು ಪ್ರಶ್ನಿಸಿತು. ಇಂದು ಸಂಸ್ಥೆಯ ಜೀವವಿಜ್ಞಾನ ಮತ್ತು ಎಂಜಿನಿಯರಿಂಗ್ ವಿಭಾಗಗಳಲ್ಲಿ ರಕ್ತನಾಳಗಳ ಸ್ಥಿತಿಸ್ಥಾಪಕತೆ, ಕ್ಯಾನ್ಸರ್ ಕೋಶಗಳು ಮಾತೃಕೆಯನ್ನು ಭೇದಿಸುವ ಬಗೆ ಮೊದಲಾದ ವಿಷಯಗಳ ಅಧ್ಯಯನ ನಡೆಯುತ್ತಿದೆ.

ಹಂದಿಗೋಡು ಕಾಯಿಲೆ

ಬೆಂಗಳೂರಿನಲ್ಲಿ ಹೈಡ್ರಾಕ್ಸಿಪ್ರೋಲೀನಿನ ಚರ್ಚೆ ನಡೆಯುತ್ತಿದ್ದ ಕಾಲದಲ್ಲಿಯೇ, 1970ರ ದಶಕದ ಮಧ್ಯಭಾಗದಲ್ಲಿ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಿಂದ ಒಂದು ವಿಚಿತ್ರ ಕಾಯಿಲೆಯ ವರದಿ ಬಂತು. ಸೊಂಟ ಮತ್ತು ಮೊಣಕಾಲಿನ ಕೀಲುಗಳಲ್ಲಿ ನೋವು ಕಾಣಿಸಿಕೊಂಡು, ನಡಿಗೆ ವಾಲತೊಡಗಿ, ಕ್ರಮೇಣ ರೋಗಿ ಎದ್ದು ನಿಲ್ಲಲಾರದೆ ತೆವಳುವ ಸ್ಥಿತಿಗೆ ಬರುತ್ತಿದ್ದ. ಕೆಲವರಲ್ಲಿ ಸೊಂಟದ ಕೀಲು ಮಾತ್ರ ಸವೆಯುತ್ತದೆ, ಕೆಲವರಲ್ಲಿ ಬೆನ್ನುಮೂಳೆಯೂ ಚಪ್ಪಟೆಯಾಗುತ್ತದೆ, ಇನ್ನು ಕೆಲವರು ಕುಬ್ಜರಾಗಿಯೇ ಬೆಳೆಯುತ್ತಾರೆ. ಬಾಧಿತರಲ್ಲಿ ಹೆಚ್ಚಿನವರು ಛಲವಾದಿ ಮತ್ತು ಚನ್ನಂಗಿ ಸಮುದಾಯಗಳ ಕೃಷಿಕೂಲಿಗಳು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಇಂಥ ಕುಟುಂಬಗಳು ಕಂಡುಬಂದವು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ ಆರ್. ವಿ. ಭಟ್ ಮತ್ತು ಕೆ. ಎ. ವಿ. ಆರ್. ಕೃಷ್ಣಮಾಚಾರಿ ಅವರು ಇದನ್ನು ಅಧ್ಯಯನ ಮಾಡಿ, ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು 1977ರಲ್ಲಿ ವರದಿ ಪ್ರಕಟಿಸಿದರು. ಕೀಟನಾಶಕ ಬಳಸಿದ ಗದ್ದೆಗಳ ಏಡಿಯನ್ನು ತಿನ್ನುವುದು ಕಾರಣವಿರಬಹುದೆಂಬ ಶಂಕೆಯೂ ಆರಂಭದಲ್ಲಿತ್ತು. ಹಸಿರು ಕ್ರಾಂತಿಯ ಆ ದಿನಗಳಲ್ಲಿ ಇದು ನಂಬಲರ್ಹವಾಗಿಯೇ ತೋರಿತು. ಬಡವರ ಊಟದ ಏಡಿಯ ಮೇಲೆ ದೋಷ ಹೊರಿಸಿದ ಈ ಕಥೆ ಪತ್ರಿಕೆಗಳಲ್ಲಿ ಬಹುಕಾಲ ಉಳಿದುಕೊಂಡಿತು. ಆದರೆ ಒಂದೇ ಗದ್ದೆಯ ಏಡಿಯನ್ನು ತಿಂದವರಲ್ಲಿ ಕೆಲವು ಮನೆತನಗಳಿಗೆ ಮಾತ್ರ, ಅದೂ ತಲೆಮಾರಿನಿಂದ ತಲೆಮಾರಿಗೆ, ರೋಗ ಬರುವುದನ್ನು ವಿಷದಿಂದ ವಿವರಿಸುವುದು ಕಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ಮುಂದಿನ ಅಧ್ಯಯನಗಳಲ್ಲಿ ವಂಶವೃಕ್ಷಗಳನ್ನು ಬಿಡಿಸಿ ನೋಡಿದಾಗ ಇದು ಪ್ರಬಲ ಗುಣವಾಗಿ ಸಾಗುವ ಆನುವಂಶಿಕ ರೋಗವೆಂಬ ನಿರ್ಣಯಕ್ಕೆ ಬರಲಾಯಿತು. ಅಂದರೆ ತಂದೆತಾಯಿಗಳಲ್ಲಿ ಒಬ್ಬರಿಗೆ ದೋಷವಿದ್ದರೂ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ.

ಮೂಳೆಯ ತುದಿಗಳು ಬೆಳೆಯುವುದು ಮೃದ್ವಸ್ಥಿಯ ತಟ್ಟೆಗಳಿಂದ. ಆ ತಟ್ಟೆಯ ಮಾತೃಕೆ ಕೆಟ್ಟರೆ ಕೀಲುಗುಂಡು ಸರಿಯಾದ ಆಕಾರ ಪಡೆಯುವುದಿಲ್ಲ, ದೇಹದ ಭಾರಕ್ಕೆ ಬೇಗನೆ ಸವೆಯುತ್ತದೆ. ಹಂದಿಗೋಡು ಕಾಯಿಲೆಯನ್ನು ವರ್ಗೀಕರಿಸಿರುವುದು ಇಂಥ ಬೆಳವಣಿಗೆಯ ದೋಷಗಳ ಗುಂಪಿನಲ್ಲಿ. ಈ ಗುಂಪಿನ ಹಲವು ರೋಗಗಳಿಗೆ ಎರಡನೆಯ ಬಗೆಯ ಕೊಲಾಜೆನ್ನಿನ ವಂಶವಾಹಿಯಲ್ಲಿನ ದೋಷ ಕಾರಣ. ದಕ್ಷಿಣ ಆಫ್ರಿಕದ ಈಶಾನ್ಯ ಮೂಲೆಯ ಮ್ಸೆಲೆನಿ ಎಂಬಲ್ಲಿ 1970ರಲ್ಲಿ ವರದಿಯಾದ ಕೀಲುರೋಗಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ಲಖನೌದ ಎಸ್. ಎಸ್. ಅಗರ್‌ವಾಲ್ ಮತ್ತು ಕೇಪ್‌ಟೌನ್‌ನ ಪೀಟರ್ ಬೈಟನ್ ಮೊದಲಾದವರು 1997ರಲ್ಲಿ ಪರಿಶೀಲಿಸಿದರು.

ರೋಗವನ್ನು ಬೇರುಸಹಿತ ಕಳೆಯುವ ಔಷಧವಿಲ್ಲ. ನೋವುಶಾಮಕ, ಅಂಗಸಾಧನೆ, ಊರುಗೋಲು, ಸಾಧ್ಯವಾದವರಿಗೆ ಸೊಂಟದ ಕೀಲು ಬದಲಾವಣೆ ಇವಿಷ್ಟೇ ಚಿಕಿತ್ಸೆ. ದಿನಗೂಲಿಯ ಮೇಲೆ ಬದುಕುವ ಮನೆಯಲ್ಲಿ ದುಡಿಯುವ ವಯಸ್ಸಿನವರೇ ನೆಲ ಹಿಡಿದರೆ ಆ ಮನೆಯ ಗತಿ ಏನೆಂಬುದನ್ನು ವೈದ್ಯಕೀಯ ಪ್ರಬಂಧಗಳು ಹೇಳುವುದಿಲ್ಲ. ಮದುವೆ ಸಂಬಂಧಗಳಿಗೂ ರೋಗದ ಹೆಸರು ಅಡ್ಡಬರುತ್ತದೆ. ಇದು ಅಂಟುರೋಗವಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

ಅಡಿಕೆ ಮತ್ತು ಬಾಯಿಯ ತಂತೂಕರಣ

ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ಅಡಿಕೆ ಜಗಿಯುವುದರಿಂದ ಬರುವ ಒಂದು ರೋಗದಲ್ಲಿ ಬಾಯಿಯ ಒಳಪೊರೆಯ ಅಡಿಯಲ್ಲಿ ಕೊಲಾಜೆನ್ ಅತಿಯಾಗಿ ಶೇಖರವಾಗಿ, ಕೆನ್ನೆಯ ಒಳಭಾಗ ಬಿಳುಚಿ ಬಿಗಿಯಾಗುತ್ತದೆ. ಖಾರ ತಾಗಿದರೆ ಉರಿ, ಬರಬರುತ್ತ ಬಾಯಿ ತೆರೆಯುವುದೇ ಕಷ್ಟ. 1952ರಲ್ಲಿ ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ಮೊದಲು ವರ್ಣಿಸಲಾಯಿತು. ಮರುವರ್ಷ ಮುಂಬಯಿಯ ಎಸ್. ಜಿ. ಜೋಶಿ ಅವರು ಭಾರತದಲ್ಲಿನ ರೋಗಿಗಳನ್ನು ವರ್ಣಿಸಿದರು. ಇಲ್ಲಿಯೂ ಮೊದಲ ಶಂಕೆ ಬೇರೆಡೆಗೆ ಹೋಗಿತ್ತು. ಮೆಣಸಿನಕಾಯಿಯ ಖಾರವೇ ಕಾರಣವಿರಬಹುದೆಂದು 1960ರ ಸುಮಾರಿಗೆ ಮುಂಬಯಿಯ ಎಸ್. ಎಂ. ಸಿರ್ಸಾಟ್ ಮತ್ತು ವಿ. ಆರ್. ಖಾನೋಲ್ಕರ್ ಇಲಿಗಳ ಮೇಲೆ ಪ್ರಯೋಗ ನಡೆಸಿದರು. ಮುಂದಿನ ಅಧ್ಯಯನಗಳು ಅಡಿಕೆಯತ್ತ ಬೆರಳು ಮಾಡಿದವು.

ಅಡಿಕೆಯಲ್ಲಿರುವ ಅರೆಕೋಲೀನ್ ಕೊಲಾಜೆನ್ ತಯಾರಿಸುವ ಕೋಶಗಳನ್ನು ಕೆರಳಿಸುತ್ತದೆ. ಅದರಲ್ಲಿನ ತಾಮ್ರವು ಎಳೆಗಳನ್ನು ಹೆಣೆಯುವ ಲೈಸೈಲ್ ಆಕ್ಸಿಡೇಸ್ ಕಿಣ್ವಕ್ಕೆ ಬಲಕೊಡುತ್ತದೆ. ಅಡಿಕೆಯ ಒಗರು, ಅಂದರೆ ಟ್ಯಾನಿನ್, ಆ ಎಳೆಗಳು ಕರಗದಂತೆ ತಡೆಯುತ್ತದೆ. ಅಳಲೆಕಾಯಿಯ ರಸವು ತೊಗಲಿಗೆ ಮಾಡುವ ಕೆಲಸವನ್ನೇ ಇಲ್ಲಿ ಅಡಿಕೆಯ ರಸವು ಜೀವಂತ ಕೆನ್ನೆಗೆ ಮಾಡುತ್ತದೆ ಎನ್ನಬಹುದು. ಎರ್ನಾಕುಲಂ ಜಿಲ್ಲೆಯ 66 ರೋಗಿಗಳನ್ನು 17 ವರ್ಷಗಳ ಕಾಲ ಗಮನಿಸಿದ ಅಧ್ಯಯನದಲ್ಲಿ ಶೇ. 7.6ರಷ್ಟು ಮಂದಿಗೆ ಬಾಯಿಯ ಕ್ಯಾನ್ಸರ್ ಬಂದುದು 1985ರಲ್ಲಿ ವರದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರಿಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಡಿಕೆಯೇ ಜೀವನಾಧಾರವಾದ ತೋಟಗಾರರಿಗೆ ಈ ವಿಷಯ ಅಪ್ರಿಯವಾದುದು ಸಹಜ. ತಾಂಬೂಲದ ಸಂಪ್ರದಾಯಕ್ಕೂ ದಿನವಿಡೀ ಪೊಟ್ಟಣ ಹರಿದು ಬಾಯಿಗೆ ಸುರಿದುಕೊಳ್ಳುವ ಚಟಕ್ಕೂ ಪ್ರಮಾಣದಲ್ಲಿ ಅಜಗಜಾಂತರವಿದೆಯಾದರೂ ಕೊಲಾಜೆನ್ನಿನ ಮೇಲಿನ ಕ್ರಿಯೆ ಒಂದೇ.

ಫ್ಲೋರೋಸಿಸ್

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರತಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲು ಕಂದುಗಟ್ಟುವ, ಮತ್ತೂ ಹೆಚ್ಚಿದರೆ ಬೆನ್ನು ಸೆಟೆದು ಅಸ್ಥಿರಜ್ಜುಗಳೇ ಸುಣ್ಣಗಟ್ಟುವ ರೋಗ ಬರುತ್ತದೆ. ಮೂಳೆಯ ಫ್ಲೋರೋಸಿಸ್ 1937ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಭಾಗದಿಂದ ವರದಿಯಾಗಿತ್ತು. ಫ್ಲೋರೈಡ್‌ನಿಂದ ಕೊಲಾಜೆನ್ ಮತ್ತು ಮಾತೃಕೆಯ ಇತರ ಘಟಕಗಳಲ್ಲಾಗುವ ಬದಲಾವಣೆಯನ್ನು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಎ. ಕೆ. ಸುಶೀಲಾ ದೀರ್ಘಕಾಲ ಅಭ್ಯಸಿಸಿದರು. ಕರ್ನಾಟಕದಲ್ಲಿ ಮುಂಡರಗಿ, ಪಾವಗಡ, ಕೋಲಾರ ಮೊದಲಾದ ಕಡೆಗಳಲ್ಲಿ ಕೊಳವೆಬಾವಿಯ ನೀರನ್ನೇ ನೆಚ್ಚಿದ ಹಳ್ಳಿಗಳಿಗೆ ಇದು ಪರಿಚಿತ ಸಮಸ್ಯೆ. ಇದಕ್ಕೆ ಪರಿಹಾರ ಪ್ರಯೋಗಾಲಯದ್ದಲ್ಲ, ನದಿ ಮತ್ತು ಜಲಾಶಯಗಳ ನೀರನ್ನು ಹಳ್ಳಿಗೆ ತಲುಪಿಸುವುದು.

ಸಂಘಗಳು

ಬ್ರಿಟನ್, ಅಮೆರಿಕ, ಫ್ರಾನ್ಸ್, ಜರ್ಮನಿ, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ಈ ಕ್ಷೇತ್ರದ ಸಂಶೋಧಕರನ್ನು ಒಗ್ಗೂಡಿಸುವ ರಾಷ್ಟ್ರೀಯ ಸಂಘಗಳಿವೆ. ಅವುಗಳ ಮೇಲೊಂದು ಅಂತರರಾಷ್ಟ್ರೀಯ ಸಂಘವೂ ಇದೆ. ಬ್ರಿಟನ್ನಿನ ಸಂಘ ಮೊದಲು ಸಂಯೋಜಕ ಅಂಗಾಂಶದ ಹೆಸರಿನಲ್ಲಿದ್ದು ಬಳಿಕ ಮಾತೃಕಾ ಜೀವವಿಜ್ಞಾನ ಎಂಬ ಹೆಸರನ್ನು ತಾಳಿತು. ಅಂಗಾಂಶವನ್ನು ನೋಡುತ್ತಿದ್ದವರ ಗಮನ ಅದರೊಳಗಿನ ಜಾಲದ ಕಡೆಗೆ ಹೊರಳಿದುದರ ಗುರುತು ಇದು. ಇಂಥ ಸಂಘಗಳ ವಾರ್ಷಿಕ ಸಭೆಗಳಲ್ಲಿ ಮೂಳೆವೈದ್ಯರು, ದಂತವೈದ್ಯರು, ಭೌತವಿಜ್ಞಾನಿಗಳು, ಎಂಜಿನಿಯರುಗಳು ಒಟ್ಟಿಗೆ ಸೇರುತ್ತಾರೆ. ಭಾರತದಲ್ಲಿ ಕೊಲಾಜೆನ್ನಿನ ವಿಚಾರದಲ್ಲಿ ಅಂಥ ಕೂಡುವಿಕೆ ಮೊದಲು ಸಾಧ್ಯವಾದದ್ದು ಎರಡು ಸಂಸ್ಥೆಗಳು ಒಂದರ ಪಕ್ಕ ಒಂದು ಇದ್ದುದರಿಂದ. ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇಂದಿಗೂ ಚೆನ್ನೈನ ಅಡ್ಯಾರಿನಲ್ಲಿದ್ದು, ಚರ್ಮದ ಜೊತೆಗೆ ಗಾಯಗಳಿಗೆ ಹೊದಿಸುವ ಕೊಲಾಜೆನ್ ಪೊರೆಗಳ ಬಗ್ಗೆಯೂ ಸಂಶೋಧನೆ ನಡೆಸುತ್ತಿದೆ.